ಹಗುರ ದೋಣಿಯ ಲೆಕ್ಕ: ಅಲ್ಯೂಮಿನಿಯಂ ಬಾಸ್ ದೋಣಿ, ಅದರ ಎಂಜಿನ್, ಅದರ ಟ್ರೋಲಿಂಗ್ ಮೋಟಾರ್

ಬಾಸ್ ದೋಣಿ ಒಂದು ಮೀನಿನ ಸ್ವಭಾವಕ್ಕೆ ತಕ್ಕಂತೆ ರೂಪುಗೊಂಡ ಯಂತ್ರ. ಉತ್ತರ ಅಮೆರಿಕದ ಸಿಹಿನೀರಿನ ಲಾರ್ಜ್‌ಮೌತ್ ಬಾಸ್ ಬೇಟೆಯ ಬೆನ್ನಟ್ಟಿ ಓಡುವ ಮೀನಲ್ಲ, ಹೊಂಚು ಹಾಕುವ ಮೀನು. ದಡದ ಹತ್ತಿರದ ಆಳವಿಲ್ಲದ ನೀರಿನಲ್ಲಿ, ಮುಳುಗಿದ ಮರದ ಬೊಡ್ಡೆಯ ಮರೆಯಲ್ಲೋ ಜೊಂಡಿನ ನಡುವೆಯೋ ಅಲುಗಾಡದೆ ನಿಂತು, ಎದುರಿಗೆ ಬಂದ ಸಣ್ಣ ಮೀನನ್ನೋ ಕಪ್ಪೆಯನ್ನೋ ಒಂದೇ ಗುಕ್ಕಿಗೆ ಒಳಗೆ ಎಳೆದುಕೊಳ್ಳುತ್ತದೆ. ಅದನ್ನು ಹಿಡಿಯಬೇಕಾದವರು ದಡದ ಗುಂಟ ಸದ್ದಿಲ್ಲದೆ ಸರಿಯುತ್ತ, ಒಂದೊಂದು ಬೊಡ್ಡೆಯ ಬುಡಕ್ಕೂ ಗಾಳ ಎಸೆಯುತ್ತ ಹೋಗಬೇಕು. ಅಲ್ಲಿ ಸಿಗದಿದ್ದರೆ ಕೆರೆಯ ಇನ್ನೊಂದು ಮೂಲೆಗೆ ಬೇಗ ತಲುಪಬೇಕು. ಹೀಗೆ ಒಂದೇ ದೋಣಿಗೆ ಎರಡು ಚಲನೆ ಬೇಕಾಯಿತು: ಹಿಂದೆ ಓಟಕ್ಕೆ ಪೆಟ್ರೋಲ್ ಎಂಜಿನ್, ಮುಂದೆ ಮೌನಕ್ಕೆ ಬ್ಯಾಟರಿಯ ಟ್ರೋಲಿಂಗ್ ಮೋಟಾರ್.

ಲೂಯಿಸಿಯಾನಾ ರಾಜ್ಯದ ಶ್ರೀವ್‌ಪೋರ್ಟ್‌ನಲ್ಲಿ 1948ರಲ್ಲಿ ಹೋಮ್ಸ್ ಥರ್ಮಂಡ್ ಪ್ಲೈವುಡ್ಡಿನಿಂದ ಕಟ್ಟಿದ ‘ಸ್ಕೀಟರ್’ ಈ ಜಾತಿಯ ಮೊದಲ ದೋಣಿ ಎಂದು ಪರಿಗಣಿತವಾಗಿದೆ. ಮುಂದೆ ಫೈಬರ್‌ಗ್ಲಾಸ್ ಬಂದು, ಹೊಳೆಯುವ ಬಣ್ಣದ, ಇನ್ನೂರಕ್ಕೂ ಹೆಚ್ಚು ಅಶ್ವಶಕ್ತಿಯ ಸ್ಪರ್ಧಾ ದೋಣಿಗಳು ಬಂದವು. ಅಲ್ಯೂಮಿನಿಯಂ ದೋಣಿಯನ್ನು ಸಾಮಾನ್ಯ ಗಾಳಗಾರನ ಕೈಗೆ ತಲುಪಿಸಿದ್ದು 1978ರಲ್ಲಿ ಮಿಸೌರಿಯ ಜಾನಿ ಮಾರಿಸ್ ಮಾರಾಟಕ್ಕಿಟ್ಟ ‘ಬಾಸ್ ಟ್ರ್ಯಾಕರ್’. ದೋಣಿ, ಎಂಜಿನ್, ಟ್ರೇಲರ್ ಮೂರನ್ನೂ ಸೇರಿಸಿ ಒಂದೇ ಬೆಲೆಗೆ ಕೊಟ್ಟದ್ದು ಅದರ ಹೊಸತನ. ವ್ಯಾಪಾರದ ಜಾಣತನ ಮಾತ್ರ ಅದರಲ್ಲಿರಲಿಲ್ಲ. ದೋಣಿ, ಎಂಜಿನ್, ಮೋಟಾರ್, ಬ್ಯಾಟರಿ ಇವುಗಳಲ್ಲಿ ಒಂದರ ತೂಕ ಬದಲಾದರೆ ಉಳಿದೆಲ್ಲದರ ಲೆಕ್ಕವೂ ಬದಲಾಗುತ್ತದೆ. ಬಿಡಿಬಿಡಿಯಾಗಿ ಆರಿಸಿದವರು ಎಡವುವುದು ಇಲ್ಲಿಯೇ.

ತೂಕದ ಮಾತು ಲೋಹದಿಂದ ಶುರುವಾಗುತ್ತದೆ. ಒಂದು ಘನ ಸೆಂಟಿಮೀಟರ್ ಉಕ್ಕು ಸುಮಾರು 7.85 ಗ್ರಾಂ ತೂಗಿದರೆ ಅಷ್ಟೇ ಗಾತ್ರದ ಅಲ್ಯೂಮಿನಿಯಂ 2.7 ಗ್ರಾಂ ತೂಗುತ್ತದೆ. ಫೈಬರ್‌ಗ್ಲಾಸ್ ಇದಕ್ಕಿಂತಲೂ ಹಗುರ, ಆದರೆ ದೋಣಿಗೆ ಬೇಕಾದ ಗಟ್ಟಿತನ ಬರಲು ಅದನ್ನು ಪದರದ ಮೇಲೆ ಪದರವಾಗಿ ದಪ್ಪಗೆ ಹಾಕಬೇಕು. ಅಲ್ಯೂಮಿನಿಯಂ ತಗಡು ಎರಡೂವರೆ ಮಿಲಿಮೀಟರ್ ಆಸುಪಾಸಿನಲ್ಲಿದ್ದರೆ ಸಾಕಾಗುತ್ತದೆ. ಹದಿನೇಳು ಅಡಿಯ ಅಲ್ಯೂಮಿನಿಯಂ ಬಾಸ್ ದೋಣಿ ಎಂಜಿನ್ ಇಲ್ಲದೆ ಅರ್ಧ ಟನ್ನಿನ ಹತ್ತಿರ ತೂಗುತ್ತದೆ. ಇಪ್ಪತ್ತು ಅಡಿಯ ಫೈಬರ್‌ಗ್ಲಾಸ್ ಸ್ಪರ್ಧಾ ದೋಣಿ ಒಂದು ಟನ್ನನ್ನು ಸಮೀಪಿಸುತ್ತದೆ. ಹಗುರವಾದದ್ದನ್ನು ಸಣ್ಣ ಕಾರು ಎಳೆಯಬಲ್ಲದು, ಸಣ್ಣ ಎಂಜಿನ್ ಓಡಿಸಬಲ್ಲದು.

ಇನ್ನೊಂದು ಗುಣ ಬೊಡ್ಡೆಗಳಿರುವ ನೀರಿನಲ್ಲಿ ಗೊತ್ತಾಗುತ್ತದೆ. ಟೆಕ್ಸಸ್ಸಿನ ಲೇಕ್ ಫೋರ್ಕ್ ಜಲಾಶಯಕ್ಕೆ 1980ರಲ್ಲಿ ನೀರು ನಿಲ್ಲಿಸಿದಾಗ ಮರಗಳನ್ನು ಬಹುಪಾಲು ಕಡಿಯದೆ ಹಾಗೆಯೇ ಬಿಟ್ಟರು. ಬಾಸ್‌ಗೆ ಅದು ಸ್ವರ್ಗ, ದೋಣಿಯ ತಳಕ್ಕೆ ಪರೀಕ್ಷೆ. ನೀರಿನಡಿಯ ಮೋಟು ಮರಕ್ಕೆ ಬಡಿದರೆ ಫೈಬರ್‌ಗ್ಲಾಸ್‌ನ ಮೇಲ್ಪದರ ಚಕ್ಕೆ ಏಳುತ್ತದೆ, ಬಿರುಕು ಬಿಡುತ್ತದೆ. ಅಲ್ಯೂಮಿನಿಯಂ ಹೆಚ್ಚಾಗಿ ತಗ್ಗಿ ನೆಗ್ಗುತ್ತದೆ, ಹರಿಯುವುದಿಲ್ಲ. ನೆಗ್ಗು ನೋಡಲು ಚೆನ್ನಾಗಿರುವುದಿಲ್ಲ, ಆದರೆ ದೋಣಿ ತೇಲುತ್ತಿರುತ್ತದೆ.

ಅಲ್ಯೂಮಿನಿಯಂ ಸವೆಯದೆ ಉಳಿಯುವುದು ಗಾಳಿ ತಾಗಿದ ಕೂಡಲೇ ಅದರ ಮೈಮೇಲೆ ಹುಟ್ಟುವ, ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪೊರೆಯಿಂದ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಣಸೆಹುಳಿಯ ಸಾರನ್ನು ರಾತ್ರಿಯಿಡೀ ಇಡಬಾರದೆಂದು ಅಡುಗೆಮನೆಯಲ್ಲಿ ಹೇಳುವುದೂ ಇದೇ ಕಾರಣಕ್ಕೆ: ಹುಳಿ ಆ ಪೊರೆಯನ್ನು ತಿನ್ನುತ್ತದೆ. ದೋಣಿಯಲ್ಲಿ ಪೊರೆಯ ಶತ್ರು ತಾಮ್ರ. ಒದ್ದೆಯಲ್ಲಿ ಎರಡು ಬೇರೆ ಲೋಹಗಳು ತಾಗಿಕೊಂಡರೆ ಅದೊಂದು ಪುಟ್ಟ ಬ್ಯಾಟರಿಯಾಗುತ್ತದೆ, ಕರಗುವುದು ಅಲ್ಯೂಮಿನಿಯಂ. ತಳದಲ್ಲಿ ನಿಂತ ನೀರಿನಲ್ಲಿ ಬಿದ್ದ ತಾಮ್ರದ ತಂತಿಯ ತುಂಡು, ಗೆದ್ದಲು ಹಿಡಿಯದಂತೆ ತಾಮ್ರದ ಲವಣ ಕುಡಿಸಿದ ಟ್ರೇಲರ್ ಹಲಗೆ ಇವೆರಡೂ ಕಾಲಕ್ರಮೇಣ ತಗಡಿನಲ್ಲಿ ಗುಳಿ ತೋಡುತ್ತವೆ. ಕಾರಿನಲ್ಲಿ ಮಾಡುವಂತೆ ದೋಣಿಯ ಮೈಯನ್ನೇ ವಿದ್ಯುತ್ತಿನ ವಾಪಸು ದಾರಿಯಾಗಿ ಬಳಸುವುದಂತೂ ದೊಡ್ಡ ತಪ್ಪು. ಪ್ರತಿ ಉಪಕರಣಕ್ಕೂ ಬ್ಯಾಟರಿಯವರೆಗೆ ಎರಡು ತಂತಿ ಇರಲೇಬೇಕು.

ತಗಡುಗಳನ್ನು ಕೂಡಿಸಲು ಎರಡು ದಾರಿಗಳಿವೆ, ರಿವೆಟ್ ಮತ್ತು ವೆಲ್ಡಿಂಗ್. ರಿವೆಟ್ ಹೊಡೆದ ದೋಣಿ ಹಗುರ, ಅಗ್ಗ. ವರ್ಷಗಳ ಕುಲುಕಾಟಕ್ಕೆ ರಿವೆಟ್ ಸಡಿಲಾಗಿ ನೀರು ಜಿನುಗತೊಡಗುತ್ತದೆ. ಇಲ್ಲಿ ಬಳಸುವ 5052ನಂಥ ಮೆಗ್ನೀಸಿಯಂ ಮಿಶ್ರಲೋಹ ತಣ್ಣಗಿರುವಾಗ ರೋಲರಿನಲ್ಲಿ ಒತ್ತಿಸಿಕೊಂಡು ಗಟ್ಟಿಯಾದದ್ದು. ಬೆಸುಗೆಯ ಶಾಖಕ್ಕೆ ಕೀಲಿನ ಅಕ್ಕಪಕ್ಕ ಆ ಗಟ್ಟಿತನ ಕುಂದುತ್ತದೆ. ಹಾಗಾಗಿ ವೆಲ್ಡ್ ಮಾಡಿದ ದೋಣಿಗೆ ದಪ್ಪ ತಗಡು ಬೇಕು, ತೂಕವೂ ಬೆಲೆಯೂ ಏರುತ್ತವೆ. ಕಲ್ಲು, ಬೊಡ್ಡೆ, ದೊಡ್ಡ ಅಲೆಗಳಿರುವ ನೀರಿಗೆ ವೆಲ್ಡ್ ಆದದ್ದೇ ಮೇಲು. ಸಣ್ಣ, ಶಾಂತ ಕೆರೆಗೆ ಒಳ್ಳೆಯ ರಿವೆಟ್ ದೋಣಿ ಧಾರಾಳವಾಗಿ ಸಾಕು.

ತಳದ ಆಕಾರದಲ್ಲಿ ಎರಡು ಬಯಕೆಗಳು ಒಂದಕ್ಕೊಂದು ಎದುರು ನಿಲ್ಲುತ್ತವೆ. ಚಪ್ಪಟೆ ತಳ ಕಡಿಮೆ ನೀರಿನಲ್ಲಿ ತೇಲುತ್ತದೆ, ಅಂಚಿನಲ್ಲಿ ನಿಂತು ಗಾಳ ಎಸೆದರೂ ಹೆಚ್ಚು ವಾಲುವುದಿಲ್ಲ. ಆದರೆ ವೇಗದಲ್ಲಿ ಪ್ರತಿ ಅಲೆಯೂ ಅದಕ್ಕೆ ಅಂಗೈಯೇಟು. ‘ವಿ’ ಆಕಾರದ ತಳ ಅಲೆಯನ್ನು ಸೀಳುತ್ತದೆ; ಆದರೆ ಆಳ ಬೇಡುತ್ತದೆ, ನಿಂತಾಗ ವಾಲುತ್ತದೆ. ಹೆಚ್ಚಿನ ಅಲ್ಯೂಮಿನಿಯಂ ಬಾಸ್ ದೋಣಿಗಳು ಮೂತಿಯಲ್ಲಿ ಚೂಪಾಗಿ, ಹಿಂಬದಿಗೆ ಬರುತ್ತ ಬಹುಮಟ್ಟಿಗೆ ಚಪ್ಪಟೆಯಾಗುವ ನಡುವಿನ ದಾರಿ ಹಿಡಿದಿವೆ.

ಎಂಜಿನ್ನಿನ ಆಯ್ಕೆಗೆ ಮುನ್ನ ದೋಣಿ ನೀರಿನ ಮೇಲೆ ಹೇಗೆ ಓಡುತ್ತದೆಂಬುದು ತಿಳಿಯಬೇಕು. ನಿಧಾನವಾಗಿ ಸಾಗುವ ದೋಣಿ ನೀರನ್ನು ಬದಿಗೆ ತಳ್ಳುತ್ತ, ತಾನೇ ಎಬ್ಬಿಸಿದ ಅಲೆಯ ಹಿಂದೆ ಸಿಕ್ಕಿಕೊಂಡಿರುತ್ತದೆ. ನೀರಿನ ಮಟ್ಟದಲ್ಲಿ ಹದಿನಾರು ಅಡಿ ಉದ್ದವಿರುವ ದೋಣಿಗೆ ಈ ಕಟ್ಟು ಗಂಟೆಗೆ ಸುಮಾರು 10 ಕಿಲೋಮೀಟರಿನಲ್ಲಿ ಎದುರಾಗುತ್ತದೆ. ಅದನ್ನು ಮೀರಲು ದೋಣಿ ಮೂತಿಯೆತ್ತಿ ಆ ಅಲೆಯನ್ನು ಹತ್ತಬೇಕು. ಹತ್ತಿದ ಮೇಲೆ ನೀರಿನ ಮೈಮೇಲೆ ಜಾರುತ್ತದೆ, ಪ್ರತಿರೋಧ ಒಮ್ಮೆಲೇ ಇಳಿದಂತಾಗುತ್ತದೆ. ಈ ಏರಿಗೆ ಬೇಕಾದ ಬಲ ದೋಣಿಯ ತೂಕವನ್ನು ಅವಲಂಬಿಸಿದೆ. ಒಬ್ಬನೇ ಇದ್ದಾಗ ಚಂಗನೆ ಏರುವ ದೋಣಿ, ಇನ್ನೊಬ್ಬನೂ ತುಂಬಿದ ಇಂಧನ ಟ್ಯಾಂಕೂ ಮೀನು ಜೀವಂತ ಇಡುವ ನೀರಿನ ತೊಟ್ಟಿಯೂ ಸೇರಿದಾಗ ಮೂತಿಯೆತ್ತಿಕೊಂಡೇ ಏದುಸಿರು ಬಿಡುತ್ತದೆ.

ಎಷ್ಟು ಎಂಜಿನ್ ಹಾಕಬಹುದೆಂಬುದು ಕೊಳ್ಳುವವನ ಇಷ್ಟಕ್ಕೆ ಬಿಟ್ಟದ್ದಲ್ಲ. ಅಮೆರಿಕದಲ್ಲಿ ಇಪ್ಪತ್ತು ಅಡಿಗಿಂತ ಚಿಕ್ಕ ಮೋಟಾರ್ ದೋಣಿಗಳ ಮೇಲೆ ಎಷ್ಟು ಜನ, ಎಷ್ಟು ತೂಕ, ಎಷ್ಟು ಅಶ್ವಶಕ್ತಿ ಎಂದು ಬರೆದ ಫಲಕವಿರುತ್ತದೆ. ಕರಾವಳಿ ರಕ್ಷಣಾ ಪಡೆಯ ನಿಯಮದಲ್ಲಿ ಅಶ್ವಶಕ್ತಿಗೆ ಒಂದು ಸರಳ ಸೂತ್ರವಿದೆ. ಸ್ಟೀರಿಂಗ್ ಚಕ್ರವೂ 20 ಇಂಚು ಎತ್ತರದ ಟ್ರಾನ್ಸಮ್, ಎಂದರೆ ಎಂಜಿನ್ ತೂಗುವ ಹಿಂಗೋಡೆಯೂ ಇರುವ ಸಾಕಷ್ಟು ದೊಡ್ಡ ದೋಣಿಯಾದರೆ, ಅಡಿಗಳಲ್ಲಿ ಉದ್ದವನ್ನು ಹಿಂಗೋಡೆಯ ಅಗಲದಿಂದ ಗುಣಿಸಿ, ಇಮ್ಮಡಿಸಿ, 90 ಕಳೆಯಬೇಕು. ಹದಿನೇಳು ಅಡಿ ಉದ್ದ, ಆರು ಅಡಿ ಅಗಲವಾದರೆ 102, ಇಮ್ಮಡಿ 204, ಕಳೆದರೆ 114. ಐದರ ಗುಣಕಕ್ಕೆ ಏರಿಸಿದರೆ 115 ಅಶ್ವಶಕ್ತಿ. ಈ ಮಿತಿಯನ್ನು ಮೀರುವುದು ಅಪಾಯ. ತೀರ ಕೆಳಗಿಳಿಯುವುದೂ ಉಳಿತಾಯವಲ್ಲ: 115 ತಾಳುವ ದೋಣಿಗೆ 60 ಹಾಕಿದರೆ ಅದು ಓಡುವಾಗಲೆಲ್ಲ ಪೂರ್ತಿ ಒತ್ತಡದಲ್ಲಿ ದುಡಿಯುತ್ತದೆ. ಇಬ್ಬರು ಹೋಗುವ ದೋಣಿಗೆ ಮಿತಿಯ ಮುಕ್ಕಾಲು ಭಾಗಕ್ಕಿಂತ ಕೆಳಗೆ ಇಳಿಯದಿರುವುದು ಒಳ್ಳೆಯದು.

ಹೊಸ ಎಂಜಿನ್‌ಗಳು ಬಹುತೇಕ ಎಲ್ಲವೂ ಫೋರ್-ಸ್ಟ್ರೋಕ್. ಹಳೆಯ ಕಾರ್ಬ್ಯುರೇಟರ್ ಟು-ಸ್ಟ್ರೋಕ್ ಎಂಜಿನ್ ಹಗುರ, ಏರಿಗೆ ಚುರುಕು. ಆದರೆ ಇಂಧನದ ಕಾಲು ಭಾಗದಷ್ಟನ್ನು ಸುಡದೆ ನೀರಿಗೆ ಬಿಡುತ್ತಿತ್ತು. ನೇರ ಇಂಧನ ಚಿಮ್ಮಿಸುವ ಟು-ಸ್ಟ್ರೋಕ್ ಈ ದೋಷವನ್ನು ಬಹಳ ಮಟ್ಟಿಗೆ ಕಳೆದುಕೊಂಡಿತ್ತು, ಆದರೂ ಆ ಬಗೆಯನ್ನು ಕೊನೆಯವರೆಗೆ ಹಿಡಿದುಕೊಂಡಿದ್ದ ಎವಿನ್‌ರೂಡ್ ಎಂಜಿನ್‌ಗಳ ತಯಾರಿಕೆ 2020ರಲ್ಲಿ ನಿಂತಿತು. ಹಳತನ್ನು ಕೊಳ್ಳುವವರು ಬಿಡಿಭಾಗದ ಮಾತನ್ನು ಮೊದಲೇ ಯೋಚಿಸಬೇಕು.

ಅಷ್ಟೇ ಮುಖ್ಯವಾದದ್ದು ಪ್ರೊಪೆಲರ್. ಅದರ ‘ಪಿಚ್’ ಎಂದರೆ, ಮರದಲ್ಲಿ ಸ್ಕ್ರೂ ಇಳಿಯುವಂತೆ, ಒಂದು ಸುತ್ತಿಗೆ ಅದು ಎಷ್ಟು ಇಂಚು ಮುಂದೆ ಹೋಗಬೇಕಿತ್ತೆಂಬ ಅಳತೆ. ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗಿ, ಗೇರಿನಲ್ಲಿ ಅದು 2.07ರಿಂದ ಭಾಗವಾಗಿ, 19 ಇಂಚು ಪಿಚ್ಚಿನ ಪ್ರೊಪೆಲರ್‌ಗೆ ತಲುಪಿದರೆ ಕಾಗದದ ಮೇಲಿನ ವೇಗ ಗಂಟೆಗೆ ಸುಮಾರು 84 ಕಿಲೋಮೀಟರ್. ನೀರು ಮರವಲ್ಲವಾದ್ದರಿಂದ ನೂರಕ್ಕೆ ಹತ್ತು ಹದಿನೈದು ಜಾರಿಹೋಗುತ್ತದೆ. ತುಂಬಿದ ದೋಣಿ ಪೂರ್ತಿ ವೇಗದಲ್ಲಿ ತಯಾರಕರು ಹೇಳಿದ ಸುತ್ತುಗಳನ್ನು, ಸಾಮಾನ್ಯವಾಗಿ 5000ದಿಂದ 6000ದೊಳಗೆ, ಮುಟ್ಟದಿದ್ದರೆ ಪಿಚ್ ಹೆಚ್ಚಾಯಿತೆಂದು ಅರ್ಥ. ಒಂದು ಇಂಚು ಇಳಿಸಿದರೆ 150ರಿಂದ 200 ಸುತ್ತು ಏರುತ್ತದೆ. ಎಂಜಿನ್ ಸೋತಿದೆ ಎಂಬ ಎಷ್ಟೋ ದೂರುಗಳು ಪ್ರೊಪೆಲರ್ ಬದಲಿಸಿದರೆ ತೀರಿಹೋಗುವಂಥವು.

ಓಡುವಾಗ ಚಾಲಕನ ಮೈಗೆ ಸಿಕ್ಕಿಸಿದ ದಾರ ಕಳಚಿದ ಕೂಡಲೇ ಎಂಜಿನ್ ನಿಲ್ಲಿಸುವ ಸ್ವಿಚ್ಚನ್ನು ಬಳಸುವುದು ಅಮೆರಿಕದಲ್ಲಿ 2021ರ ಏಪ್ರಿಲ್ 1ರಿಂದ ಕಡ್ಡಾಯ. ಬೊಡ್ಡೆಗೆ ಬಡಿದು ನೀರಿಗೆ ಎಸೆಯಲ್ಪಟ್ಟವನ ಸುತ್ತ ಆಳಿಲ್ಲದ ದೋಣಿ ಗಿರಕಿ ಹೊಡೆಯುವುದನ್ನು ತಡೆಯುವುದು ಈ ಒಂದು ದಾರ.

ಇಷ್ಟಾದರೂ ಮೀನು ಹಿಡಿಯುವ ದಿನದ ಬಹುಪಾಲು ಹೊತ್ತು ಹಿಂದಿನ ಎಂಜಿನ್ ಸುಮ್ಮನಿರುತ್ತದೆ. ಕೆಲಸ ನಡೆಯುವುದು ಮೂತಿಯಲ್ಲಿ ಕೂರಿಸಿದ ಟ್ರೋಲಿಂಗ್ ಮೋಟಾರಿನಿಂದ. ಎಂಜಿನ್‌ಗೆ ಸಾವಿರ ಯೋಚಿಸಿ, ಮೋಟಾರನ್ನು ದೋಣಿಯ ಜೊತೆ ಬಂದದ್ದೇ ಸಾಕೆಂದು ಬಿಡುವ ರೂಢಿ ಇದೆ. ಅಲ್ಯೂಮಿನಿಯಂ ದೋಣಿಗೆ ಅದು ಇನ್ನೂ ದೊಡ್ಡ ತಪ್ಪು. ಹಗುರ ದೋಣಿ ನೀರಿನಲ್ಲಿ ಹೆಚ್ಚು ಮುಳುಗುವುದಿಲ್ಲ. ಗಾಳಿಗೆ ಒಡ್ಡಿದ ಮೈ ಅಷ್ಟೇ ಇದ್ದು, ನೀರನ್ನು ಹಿಡಿದ ಮೈ ಕಡಿಮೆಯಾಗುವುದರಿಂದ ಒಂದು ಬೀಸಿಗೆ ಎಲೆಯಂತೆ ಸರಿಯುತ್ತದೆ. ಗಾಳಿಯ ವೇಗ ಇಮ್ಮಡಿಯಾದರೆ ಅದರ ತಳ್ಳು ನಾಲ್ಕು ಪಟ್ಟಾಗುತ್ತದೆ. ಲೋಹದಲ್ಲಿ ಉಳಿಸಿದ ತೂಕದ ಬೆಲೆಯನ್ನು ಮೋಟಾರಿನಲ್ಲಿ ಕಟ್ಟಬೇಕಾಗುತ್ತದೆ.

ಈ ಮೋಟಾರಿನ ಅಳತೆ ಅಶ್ವಶಕ್ತಿಯಲ್ಲ, ಪೌಂಡುಗಳಲ್ಲಿ ಹೇಳುವ ನೂಕುಬಲ. ನೂರು ಪೌಂಡ್ ತೂಕಕ್ಕೆ ಎರಡು ಪೌಂಡ್ ನೂಕುಬಲ ಎಂಬುದು ಚಾಲ್ತಿಯಲ್ಲಿರುವ ಲೆಕ್ಕ. ಅರ್ಧ ಟನ್ನಿನ ದೋಣಿ, 165 ಕಿಲೋ ಎಂಜಿನ್, ಇಬ್ಬರು ಜನ, ಇಂಧನ, ಬ್ಯಾಟರಿ, ಸಾಮಾನು ಕೂಡಿದರೆ ಸುಮಾರು ಸಾವಿರ ಕಿಲೋ, ಎಂದರೆ 2200 ಪೌಂಡ್. ಬೇಕಾದದ್ದು 44 ಪೌಂಡ್. ಆದರೆ ಅದು ಗಾಳಿಯಿಲ್ಲದ ದಿನದ ಮಾತು. ಗಾಳಿಗೂ ಜೊಂಡಿಗೂ ಸೇರಿಸಿ 70ರಿಂದ 80 ಪೌಂಡ್ ಇರುವುದೇ ಸರಿ.

ಇಲ್ಲಿ ವೋಲ್ಟೇಜ್ ಬರುತ್ತದೆ. 12 ವೋಲ್ಟಿನ ಮೋಟಾರುಗಳು 55 ಪೌಂಡಿನ ಹತ್ತಿರ ನಿಲ್ಲುತ್ತವೆ. ಆಗಲೇ ಅವು ಪೂರ್ತಿ ವೇಗದಲ್ಲಿ 50 ಆಂಪಿಯರ್‌ನಷ್ಟು ಎಳೆಯುತ್ತವೆ. ಅದೇ ಶಕ್ತಿಯನ್ನು 24 ವೋಲ್ಟಿನಲ್ಲಿ ಕೊಟ್ಟರೆ ಕರೆಂಟು ಅರ್ಧಕ್ಕಿಳಿಯುತ್ತದೆ. ತಂತಿಯಲ್ಲಿ ಶಾಖವಾಗಿ ಹೋಗುವ ನಷ್ಟ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದು ನಾಲ್ಕನೇ ಒಂದು ಭಾಗವಾಗುತ್ತದೆ. ಹಿಂಬದಿಯ ಬ್ಯಾಟರಿಯಿಂದ ಮೂತಿಯವರೆಗೆ ಹದಿನೈದು ಅಡಿ ತಂತಿ ಎಳೆಯುವ ದೋಣಿಯಲ್ಲಿ ಇದು ಸಣ್ಣ ಲಾಭವಲ್ಲ. 80 ಪೌಂಡಿನ ಮೋಟಾರುಗಳು 24 ವೋಲ್ಟಿನವು, 112 ಪೌಂಡಿನವು 36 ವೋಲ್ಟಿನವು. ಹದಿನೇಳು ಅಡಿಯ ಅಲ್ಯೂಮಿನಿಯಂ ದೋಣಿಗೆ 24 ಸಾಕು.

ಒಂದೆರಡು ಅಶ್ವಶಕ್ತಿಯ ಮೋಟಾರ್ ಒಂದು ಟನ್ನನ್ನು ಸರಿಸುವುದು ಮೇಲ್ನೋಟಕ್ಕೆ ನಂಬಲಾಗದ್ದು. ಗುಟ್ಟು ಪ್ರೊಪೆಲರಿನಲ್ಲಿದೆ. ನೂಕುಬಲ ತಳ್ಳಿದ ನೀರಿನ ಪ್ರಮಾಣ ಮತ್ತು ವೇಗ ಎರಡರ ಗುಣಲಬ್ಧ. ಆದರೆ ಖರ್ಚಾಗುವ ಶಕ್ತಿ ವೇಗದ ವರ್ಗದಂತೆ ಏರುತ್ತದೆ. ಹೆಚ್ಚು ನೀರನ್ನು ನಿಧಾನವಾಗಿ ತಳ್ಳುವ ಅಗಲ ಎಲೆಗಳಿಂದ ಕಡಿಮೆ ವಿದ್ಯುತ್ತಿಗೆ ಹೆಚ್ಚು ಬಲ ಸಿಗುತ್ತದೆ. ಮೋಟಾರನ್ನು ಮೂತಿಯಲ್ಲಿ ಕೂರಿಸುವುದಕ್ಕೂ ಕಾರಣವಿದೆ. ಎತ್ತು ಮುಂದೆ ನಡೆದರೆ ಗಾಡಿ ತಾನಾಗಿ ಅದರ ದಾರಿಗೆ ಬರುತ್ತದೆ. ಗಾಡಿಯನ್ನು ಹಿಂದಿನಿಂದ ದೂಡಿದರೆ ಅತ್ತಿತ್ತ ತಿರುಗುತ್ತದೆ. ದೋಣಿಯೂ ಹಾಗೆಯೇ. ಉಪಗ್ರಹದಿಂದ ಸ್ಥಾನ ತಿಳಿದು, ತಾನೇ ತಿರುಗಿ ತಾನೇ ತಳ್ಳಿ ದೋಣಿಯನ್ನು ಒಂದೇ ಜಾಗದಲ್ಲಿ ನಿಲ್ಲಿಸುವ ಮೋಟಾರುಗಳೂ ಈಗ ಸಿಗುತ್ತವೆ. ಹಗುರ ದೋಣಿಗೆ ಇವು ಅದೃಶ್ಯ ಲಂಗರು. ಟೆನೆಸ್ಸೀ ನದಿಯ ಗಂಟರ್ಸ್‌ವಿಲ್ ಜಲಾಶಯದಂತೆ ಜಲಸಸ್ಯ ತುಂಬಿದ ನೀರಿಗೆ ಮಾತ್ರ ಕಾಲಿನ ಪೆಡಲು ಮತ್ತು ಕೇಬಲ್ಲಿನಿಂದ ತಿರುಗುವ ಮೋಟಾರೇ ಚುರುಕೆಂದು ಅನೇಕರು ಅದನ್ನು ಬಿಡುವುದಿಲ್ಲ. ಎರಡರಲ್ಲೂ ಕಂಬದ ಉದ್ದ ಸರಿಯಿರಬೇಕು: ಮೋಟಾರ್ ಸುಮಾರು ಒಂದಡಿ ಮುಳುಗಿರದಿದ್ದರೆ ಅಲೆಗೆ ಮೂತಿ ಎದ್ದಾಗ ಪ್ರೊಪೆಲರ್ ಗಾಳಿ ಕಡೆಯುತ್ತದೆ, ಆ ಸದ್ದಿಗೆ ಮೀನು ಚದುರುತ್ತದೆ.

24 ವೋಲ್ಟಿಗೆ ಎರಡು ಬ್ಯಾಟರಿ ಬೇಕು, ಎಂಜಿನ್ ಚಾಲೂ ಮಾಡಲು ಇನ್ನೊಂದು. 100 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿ ಸುಮಾರು 30 ಕಿಲೋ ತೂಗುತ್ತದೆ, ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡುತ್ತ ಹೋದರೆ ಬೇಗ ಸಾಯುತ್ತದೆ. ಅಷ್ಟೇ ಸಾಮರ್ಥ್ಯದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹನ್ನೆರಡು ಕಿಲೋ ಆಸುಪಾಸು. ಬಹುತೇಕ ಪೂರ್ತಿ ಬಳಸಬಹುದು, ಸಂಜೆಯವರೆಗೂ ವೋಲ್ಟೇಜ್ ಕುಸಿಯುವುದಿಲ್ಲ. ಬೆಲೆ ಹೆಚ್ಚು, ಆದರೂ ಹಿಂಬದಿಯಿಂದ ಮೂವತ್ತು ನಲವತ್ತು ಕಿಲೋ ಇಳಿದರೆ ದೋಣಿ ಅಲೆಯನ್ನು ಬೇಗ ಹತ್ತುತ್ತದೆ.

ಹಳೆಯ ದೋಣಿಯಾದರೆ ಕೊಳ್ಳುವ ಮುನ್ನ ಕೆಲವು ಪರೀಕ್ಷೆಗಳಿವೆ. ಟ್ರೇಲರ್ ಮೇಲಿರುವಾಗಲೇ ಒಳಗೆ ಕೆಲವು ಇಂಚು ನೀರು ತುಂಬಿ, ಕೆಳಗೆ ಮಲಗಿ, ಯಾವ ರಿವೆಟ್ಟಿನಿಂದ ಹನಿ ಇಳಿಯುತ್ತದೆಂದು ನೋಡಿ ಸೀಮೆಸುಣ್ಣದಲ್ಲಿ ಗುರುತು ಹಾಕಬೇಕು. ಎಂಜಿನ್ನಿನ ಕೆಳತುದಿಯನ್ನು ಹಿಡಿದು ಮೇಲೆ ಕೆಳಗೆ ಒತ್ತಿದಾಗ ಹಿಂಗೋಡೆ ಬಾಗಿದರೆ ಒಳಗಿನ ಮರ ಕೊಳೆತಿದೆ. ಗೇರ್ ಎಣ್ಣೆಯ ಕೆಳಗಿನ ಸ್ಕ್ರೂ ತೆಗೆದಾಗ ಬರುವ ಎಣ್ಣೆ ಹಾಲು ಬೆರೆತ ಚಹಾದಂತಿದ್ದರೆ ಸೀಲ್ ಹೋಗಿ ನೀರು ಸೇರಿದೆ. ಪ್ರೊಪೆಲರ್ ದಂಡಕ್ಕೆ ಸುತ್ತಿಕೊಂಡ ಗಾಳದ ನೈಲಾನ್ ದಾರವೇ ಹೆಚ್ಚಾಗಿ ಇದಕ್ಕೆ ಕಾರಣ. ಕೊನೆಯದು ನೀರಿನ ಮೇಲಿನ ಪರೀಕ್ಷೆ. ಇಬ್ಬರು ಕೂತು, ಟ್ಯಾಂಕ್ ತುಂಬಿ, ಸಾಮಾನು ಹೇರಿಕೊಂಡು ಓಡಿಸಿ ಸುತ್ತುಗಳನ್ನು ಬರೆದುಕೊಳ್ಳಬೇಕು. ಆಮೇಲೆ ಎಂಜಿನ್ ನಿಲ್ಲಿಸಿ, ಗಾಳಿಗೆ ಎದುರಾಗಿ ಟ್ರೋಲಿಂಗ್ ಮೋಟಾರನ್ನು ಅರ್ಧ ವೇಗದಲ್ಲಿಟ್ಟು, ದಡದ ಒಂದು ಮರವನ್ನು ಗುರುತಿಟ್ಟುಕೊಂಡು, ದೋಣಿ ಅದರ ಎದುರು ನಿಲ್ಲುತ್ತದೋ ಹಿಂದಕ್ಕೆ ಜಾರುತ್ತದೋ ನೋಡಬೇಕು.