ಯುದ್ಧವೆಂದು ಕರೆಯದ ಯುದ್ಧ: ಮಲಯದ ಹನ್ನೆರಡು ವರ್ಷಗಳು

ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ ಗೆದ್ದಿತಾದರೂ ಅದರ ಬೊಕ್ಕಸ ಬರಿದಾಗಿತ್ತು. 1947ರಲ್ಲಿ ಭಾರತ ಸ್ವತಂತ್ರವಾದ ಬಳಿಕ ಏಷ್ಯಾದಲ್ಲಿ ಅದಕ್ಕೆ ಬಹುದೊಡ್ಡ ಆಸರೆಯಾಗಿ ಉಳಿದದ್ದು ಮಲಯ. ಅಲ್ಲಿನ ರಬ್ಬರು ಮತ್ತು ತವರ ಅಮೆರಿಕದ ಡಾಲರುಗಳನ್ನು ತರುತ್ತಿದ್ದವು. ಚೀನಾದಲ್ಲಿ ಮಾವೋ ಸೈನ್ಯ ಮುನ್ನುಗ್ಗುತ್ತಿದ್ದ ಆ ಕಾಲದಲ್ಲಿ ಮಲಯದ ಕಮ್ಯುನಿಸ್ಟರನ್ನು ಹತ್ತಿಕ್ಕುವುದು ಬ್ರಿಟನ್ನಿಗೆ ಸಿದ್ಧಾಂತದ ಪ್ರಶ್ನೆಯಾಗಿದ್ದಂತೆಯೇ ಆದಾಯದ ಪ್ರಶ್ನೆಯೂ ಆಗಿತ್ತು.

1948ರ ಜೂನ್ 16ರಂದು ಪೆರಾಕ್ ಪ್ರಾಂತ್ಯದ ಸುಂಗೈ ಸಿಪುಟ್ ಪರಿಸರದಲ್ಲಿ ಮೂವರು ಐರೋಪ್ಯ ತೋಟದ ಅಧಿಕಾರಿಗಳು ಕೊಲೆಯಾದರು. ಎರಡೇ ದಿನಗಳಲ್ಲಿ ಇಡೀ ಮಲಯ ಒಕ್ಕೂಟಕ್ಕೆ ತುರ್ತುಸ್ಥಿತಿ ವಿಸ್ತರಿಸಿತು. ಇದನ್ನು ಸರಕಾರ ಯುದ್ಧವೆನ್ನಲಿಲ್ಲ. ಯುದ್ಧವೆಂದರೆ ತೋಟ, ಗಣಿಗಳ ನಷ್ಟವನ್ನು ಲಂಡನ್ನಿನ ವಿಮಾ ಕಂಪೆನಿಗಳು ಭರಿಸಲಾರವೆಂಬುದು ಇದಕ್ಕೆ ಸಾಮಾನ್ಯವಾಗಿ ಹೇಳಲಾಗುವ ಕಾರಣ. ಕಾನೂನಿನ ಪರಿಣಾಮ ಇನ್ನೂ ಗಾಢವಾದುದು: ಕಾಡು ಸೇರಿದ ಬಂಡುಕೋರ ಯುದ್ಧಕೈದಿಯಾಗದೆ ಬರಿಯ ಅಪರಾಧಿಯಾದನು. ಬಂಡಾಯದ ನಾಯಕ ಚಿನ್ ಪೆಂಗ್ ಜಪಾನೀಯರ ವಿರುದ್ಧ ಬ್ರಿಟಿಷರ ಜೊತೆಗೂಡಿ ಹೋರಾಡಿ, ಅವರಿಂದಲೇ ಗೌರವ ಪಡೆದಿದ್ದವರು.

ತುರ್ತು ನಿಯಮಾವಳಿಯು ವಿಚಾರಣೆಯಿಲ್ಲದ ಬಂಧನಕ್ಕೆ ಅವಕಾಶ ಕೊಟ್ಟಿತು. 1949ರ ಜನವರಿಯಲ್ಲಿ ಸೇರಿದ 17-ಡಿ ನಿಯಮದಂತೆ ಒಂದು ಪ್ರದೇಶದ ಜನರನ್ನೆಲ್ಲ ಒಟ್ಟಾಗಿ ಬಂಧಿಸಿ ಗಡೀಪಾರು ಮಾಡಬಹುದಿತ್ತು. ಪರವಾನಗಿಯಿಲ್ಲದೆ ಬಂದೂಕು ಹೊಂದಿದ್ದರೆ ಮರಣದಂಡನೆ. ಕಾರ್ಮಿಕ ಸಂಘಗಳ ಒಕ್ಕೂಟದ ಅಧ್ಯಕ್ಷರಾಗಿದ್ದ ಭಾರತೀಯ ಮೂಲದ ಎಸ್. ಎ. ಗಣಪತಿಯವರನ್ನು ಈ ಅಪರಾಧಕ್ಕಾಗಿಯೇ 1949ರ ಮೇ 4ರಂದು ಕೌಲಾಲಂಪುರದ ಪುಡು ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಭಾರತ ಸರಕಾರದ ಮನವಿ ಫಲಿಸಲಿಲ್ಲ.

1950ರಲ್ಲಿ ಕಾರ್ಯಾಚರಣೆಯ ನಿರ್ದೇಶಕರಾಗಿ ಬಂದ ಸರ್ ಹೆರಾಲ್ಡ್ ಬ್ರಿಗ್ಸ್, ಬಂಡುಕೋರರಿಗೆ ಅಕ್ಕಿ ಮತ್ತು ಸುದ್ದಿ ತಲುಪದಂತೆ ಮಾಡುವ ಯೋಜನೆ ಹೂಡಿದರು. ಕಾಡಂಚಿನಲ್ಲಿ ಹಕ್ಕುಪತ್ರವಿಲ್ಲದೆ ಬೇಸಾಯ ಮಾಡುತ್ತಿದ್ದ, ಹೆಚ್ಚಾಗಿ ಚೀನೀ ಮೂಲದ, ಸುಮಾರು 5 ಲಕ್ಷ ಜನರನ್ನು ಎಬ್ಬಿಸಿ ಮುಳ್ಳುತಂತಿಯೊಳಗಿನ ‘ಹೊಸ ಹಳ್ಳಿ’ಗಳಿಗೆ ಸಾಗಿಸಲಾಯಿತು. 1951ರ ಅಕ್ಟೋಬರಿನಲ್ಲಿ ಹೈಕಮಿಷನರ್ ಹೆನ್ರಿ ಗರ್ನಿ ಹೊಂಚುದಾಳಿಗೆ ಬಲಿಯಾದರು. ಮರುವರ್ಷ ಬಂದ ಜನರಲ್ ಜೆರಾಲ್ಡ್ ಟೆಂಪ್ಲರ್ ಜನರ ಹೃದಯ ಮತ್ತು ಮನಸ್ಸನ್ನು ಗೆಲ್ಲುವ ಮಾತನಾಡಿದರು; ಆದರೆ ತಂಜೋಂಗ್ ಮಾಲಿಮ್ ಪೇಟೆಗೆ ದಿನಕ್ಕೆ 22 ತಾಸಿನ ಕರ್ಫ್ಯೂ ವಿಧಿಸಿ ಅಕ್ಕಿಯ ಪಡಿತರವನ್ನು ಕಡಿತಗೊಳಿಸಿದವರೂ ಅವರೇ. ಬಂಡಾಯ ಸೊರಗಲು ಇವು ಮಾತ್ರ ಕಾರಣವಲ್ಲ. ವಲಸೆ ಬಂದವರಿಗೆ ಪೌರತ್ವದ ದಾರಿ ತೆರೆದುದು, 1957ರ ಆಗಸ್ಟ್ 31ರಂದು ಸ್ವಾತಂತ್ರ್ಯವೇ ದೊರೆತುದು ಬಂಡುಕೋರರ ವಾದದ ಬುಡವನ್ನು ಸಡಿಲಿಸಿತು. 1960ರ ಜುಲೈ 31ರಂದು ತುರ್ತುಸ್ಥಿತಿ ಕೊನೆಗೊಂಡಿತು.

ಸೈನಿಕ ಇತಿಹಾಸಕಾರರು ಇದನ್ನು ಯಶಸ್ವಿ ಮಾದರಿಯೆಂದು ಹೊಗಳುವುದುಂಟು. ಅವರ ಲೆಕ್ಕದಲ್ಲಿ ಬತಾಂಗ್ ಕಲಿಗೂ ಸ್ಥಾನವಿರಬೇಕು. 1948ರ ಡಿಸೆಂಬರಿನಲ್ಲಿ ಸೆಲಂಗೋರದ ಆ ರಬ್ಬರು ತೋಟದಲ್ಲಿ ಸ್ಕಾಟ್ಸ್ ಗಾರ್ಡ್ಸ್ ಪಡೆಯವರು 24 ಮಂದಿ ನಿರಾಯುಧರನ್ನು ಗುಂಡಿಟ್ಟು ಕೊಂದರು. ತಪ್ಪಿಸಿಕೊಂಡು ಓಡುವಾಗ ಸತ್ತರೆಂಬುದು ಸರಕಾರದ ಹೇಳಿಕೆ. ಮುಂದಿನ ತಿಂಗಳೇ, ಅಂಥ ಗುಂಡಿನ ಪ್ರಯೋಗವನ್ನು ಹಿಂದಿನ ಕೃತ್ಯಗಳಿಗೂ ಅನ್ವಯಿಸುವಂತೆ ಕಾನೂನುಬದ್ಧಗೊಳಿಸುವ ನಿಯಮ ಹೊರಟಿತು. ಸುಮಾರು ಎರಡು ದಶಕಗಳ ನಂತರ ಕೆಲವು ಸೈನಿಕರೇ ಅದು ಹತ್ಯೆಯೆಂದು ಒಪ್ಪಿಕೊಂಡರೂ ತನಿಖೆಯನ್ನು 1970ರಲ್ಲಿ ಕೈಬಿಡಲಾಯಿತು. ಸತ್ತವರ ಬಂಧುಗಳು ಲಂಡನ್ನಿನ ಸುಪ್ರೀಂ ಕೋರ್ಟಿನವರೆಗೆ ಹೋದರು. 2015ರ ನವೆಂಬರಿನಲ್ಲಿ ಬಹುಮತದ ತೀರ್ಪು ವಿಚಾರಣಾ ಆಯೋಗದ ಬೇಡಿಕೆಯನ್ನು ತಳ್ಳಿಹಾಕಿತು. ಲೇಡಿ ಹೇಲ್ ಒಬ್ಬರೇ ಭಿನ್ನಮತ ಬರೆದರು.

ಈ ಸಂಗತಿ ನಮಗೆ ದೂರದ್ದಲ್ಲ. ವಿಚಾರಣೆಯಿಲ್ಲದ ಬಂಧನವೆಂಬ ಅಸ್ತ್ರವನ್ನು ಬ್ರಿಟಿಷ್ ಆಡಳಿತದಿಂದ ಸ್ವತಂತ್ರ ಭಾರತವೂ ಪಡೆಯಿತು. ಮುಂದೆ ಕಾಸರಗೋಡನ್ನು ಲೋಕಸಭೆಯಲ್ಲಿ ಪ್ರತಿನಿಧಿಸಿದ ಎ. ಕೆ. ಗೋಪಾಲನ್ 1950ರಲ್ಲಿ ಮುಂಜಾಗ್ರತಾ ಬಂಧನ ಕಾಯಿದೆಯನ್ನು ಪ್ರಶ್ನಿಸಿದಾಗ ನಮ್ಮ ಸುಪ್ರೀಂ ಕೋರ್ಟು ಅದರ ಬಹುಭಾಗವನ್ನು ಎತ್ತಿಹಿಡಿಯಿತು. ಮಲೇಷ್ಯವು ತುರ್ತುಸ್ಥಿತಿಯ ಬೆನ್ನಿಗೇ ತಂದ ಆಂತರಿಕ ಭದ್ರತಾ ಕಾಯಿದೆ ರದ್ದಾದುದು 2012ರಲ್ಲಿ. ತಾತ್ಕಾಲಿಕವೆಂದು ಬಂದ ಅಧಿಕಾರವನ್ನು ಹಿಂದೆ ಪಡೆಯಲು ಅಲ್ಲಿಯ ಜನರು ಅರ್ಧ ಶತಮಾನ ಕಾಯಬೇಕಾಯಿತು. ಅಂಥ ಶಾಸನಕ್ಕೆ ಅವಧಿಯನ್ನೂ ನ್ಯಾಯಾಲಯದ ಪರಿಶೀಲನೆಯನ್ನೂ ಮೊದಲ ದಿನವೇ ಕೇಳಿ ಪಡೆಯುವುದು ಪ್ರಜೆಗಳ ಹೊಣೆ.