ನೆತ್ತಿಗೇರುವುದಿಲ್ಲ, ಶ್ವಾಸನಾಳಕ್ಕೆ ಇಳಿಯುತ್ತದೆ

ಊಟದ ನಡುವೆ ಕೆಮ್ಮು ಬಂದರೆ “ನೆತ್ತಿಗೇರಿತು, ಯಾರೋ ನೆನೆಸಿಕೊಂಡರು” ಎಂದು ತಲೆ ತಟ್ಟುವುದು ನಮ್ಮಲ್ಲಿ ರೂಢಿ. ಆದರೆ ನೆತ್ತಿಗೆ ಏನೂ ಏರುವುದಿಲ್ಲ. ಅನ್ನನಾಳಕ್ಕೆ ಹೋಗಬೇಕಾದುದು ದಾರಿ ತಪ್ಪಿ ಶ್ವಾಸನಾಳದತ್ತ ಹೋಗಿರುತ್ತದೆ.

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಮನೆಗಳಲ್ಲಿ ಕಡಲೆಕಾಯಿ, ಹುರಿಗಡಲೆ, ಹುಣಿಸೆಬೀಜ, ಕಬ್ಬಿನ ಚೂರು ಮಕ್ಕಳ ಕೈಗೆ ಸುಲಭವಾಗಿ ಸಿಗುತ್ತವೆ. ದವಡೆಹಲ್ಲು ಪೂರ್ತಿ ಬಾರದ ಮಗು ಚೆನ್ನಾಗಿ ಅಗಿಯಲಾರದು. ನಗುತ್ತ, ಓಡುತ್ತ ತಿಂದರೆ ಕಾಳು ಉಸಿರಿನೊಡನೆ ಒಳಸೇರುತ್ತದೆ. ಬಾಯಲ್ಲಿ ಅಡಿಕೆ ಇಟ್ಟುಕೊಂಡು ಮಲಗುವ, ಕುಡಿದ ಅಮಲಿನಲ್ಲಿ ಉಣ್ಣುವ ದೊಡ್ಡವರಿಗೂ ಈ ಅಪಾಯವುಂಟು.

ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿರಿ. ಬಾಯೊಳಗೆ ಬೆರಳಿಟ್ಟು ತಡಕಬೇಡಿರಿ. ನೀರು, ಬಾಳೆಹಣ್ಣು, ಅನ್ನದ ಉಂಡೆ ನುಂಗಿಸಬೇಡಿರಿ.

ದನಿ ಅಡಗಿ, ಉಸಿರು ಕಟ್ಟಿ, ತುಟಿ ನೀಲಿಗಟ್ಟಿದರೆ ಒಬ್ಬರು 108ಕ್ಕೆ ಕರೆ ಮಾಡಲಿ. ನೀವು ರೋಗಿಯನ್ನು ಮುಂದಕ್ಕೆ ಬಗ್ಗಿಸಿ, ಬೆನ್ನಿನ ಮೇಲೆ ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ 5 ಸಲ ಬಲವಾಗಿ ಹೊಡೆಯಿರಿ. ಬಾರದಿದ್ದರೆ ಹಿಂದೆ ನಿಂತು, ಹೊಕ್ಕುಳ ತುಸು ಮೇಲೆ ಮುಷ್ಟಿಯಿಟ್ಟು, ಒಳಕ್ಕೆ ಮೇಲ್ಮುಖವಾಗಿ 5 ಸಲ ಒತ್ತಿರಿ. ವಸ್ತು ಹೊರಬರುವವರೆಗೂ ಇವೆರಡನ್ನೂ ಸರದಿಯಂತೆ ಮಾಡಿರಿ. ಬಸುರಿಯರಿಗೆ ಹೊಟ್ಟೆಯ ಬದಲು ಎದೆಯನ್ನು ಒತ್ತಬೇಕು. 1 ವರ್ಷದೊಳಗಿನ ಕೂಸಿನ ಹೊಟ್ಟೆಯನ್ನೂ ಒತ್ತಬಾರದು. ಮುಂಗೈ ಮೇಲೆ ತಲೆ ತಗ್ಗಿರುವಂತೆ ಬೋರಲು ಮಲಗಿಸಿ ಬೆನ್ನಿಗೆ 5 ಪೆಟ್ಟು, ಅಂಗಾತ ತಿರುಗಿಸಿ ಎದೆಯ ನಡುವೆ 5 ಒತ್ತು. ಎಚ್ಚರ ತಪ್ಪಿದರೆ ನೆಲದ ಮೇಲೆ ಮಲಗಿಸಿ 30 ಸಲ ಎದೆ ಒತ್ತಿ, 2 ಸಲ ಬಾಯಿಗೆ ಉಸಿರೂದಿರಿ. ನೆರವು ಬರುವವರೆಗೂ ನಿಲ್ಲಿಸಬೇಡಿರಿ.

ಎಲ್ಲಕ್ಕಿಂತ ಮೋಸದ್ದು ಕೆಮ್ಮು ತಾನಾಗಿ ನಿಂತ ಮೇಲಿನ ನೆಮ್ಮದಿ. ಕಾಳು ಹೊರಬಂದುದನ್ನು ನೀವು ಕಂಡಿರಾ? ಕಾಣದಿದ್ದರೆ ಅದು ಇನ್ನೂ ಕೆಳಗಿಳಿದು, ಹೆಚ್ಚು ಅಗಲವೂ ನೇರವೂ ಆದ ಬಲಗಡೆಯ ಕವಲಿನಲ್ಲಿ ಕುಳಿತಿರಬಹುದು. ತೇವಕ್ಕೆ ಅಲ್ಲಿಯೇ ಊದಿಕೊಳ್ಳುತ್ತದೆ. ವಾರಗಳ ಬಳಿಕ ಬಿಡದ ಕೆಮ್ಮು, ಎದೆಯಲ್ಲಿ ಸುಯ್ಯೆನ್ನುವ ಸದ್ದು, ಮರಳಿ ಮರಳಿ ಬರುವ ಜ್ವರ ಕಾಣಿಸಿದರೆ ಉಬ್ಬಸವೆಂದು ಭ್ರಮಿಸುವುದುಂಟು. ಎಕ್ಸ್‌ರೇಯಲ್ಲಿ ನಾಣ್ಯ ಕಾಣುತ್ತದೆ, ಕಡಲೆಬೀಜ ಕಾಣದು. “ಅಂದು ಕಡಲೆಕಾಯಿ ತಿನ್ನುವಾಗ ಉಸಿರು ಕಟ್ಟಿತ್ತು” ಎಂಬ ನಿಮ್ಮ ಒಂದು ಮಾತೇ ವೈದ್ಯರಿಗೆ ದಾರಿ ತೋರುತ್ತದೆ.

ಅನುಮಾನವಿದ್ದರೆ ಅಂದೇ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ದೊಡ್ಡಾಸ್ಪತ್ರೆಗೆ ಹೋಗಿರೆಂದರೆ ತಡಮಾಡಬೇಡಿರಿ. ಅಲ್ಲಿ ಶ್ವಾಸನಾಳಕ್ಕೆ ಬ್ರಾಂಕೋಸ್ಕೋಪ್ ಎಂಬ ಕೊಳವೆ ಇಳಿಸಿ ವಸ್ತುವನ್ನು ತೆಗೆಯುತ್ತಾರೆ. 1897ರಲ್ಲಿಯೇ ಜರ್ಮನಿಯ ವೈದ್ಯ ಗುಸ್ತಾವ್ ಕಿಲಿಯನ್ ರೈತನೊಬ್ಬನ ಶ್ವಾಸನಾಳದಿಂದ ಮೂಳೆಚೂರನ್ನು ಹೀಗೆ ತೆಗೆದಿದ್ದರು.

ತಾಯಂದಿರೇ, 4 ವರ್ಷದೊಳಗಿನ ಮಕ್ಕಳಿಗೆ ಇಡೀ ಕಾಳು ಕೊಡಬೇಡಿರಿ. ಪುಡಿ ಮಾಡಿ ಕೊಡಿರಿ. ಕುಳಿತು ತಿನ್ನುವ ಅಭ್ಯಾಸ ಮಾಡಿಸಿರಿ.