ಒಂದೇ ಕಂಪ್ಯೂಟರಿಗೆ ಎರಡು ಆ್ಯಂಟಿವೈರಸ್ ಬೇಡ



ಮೊದಲೆಲ್ಲಾ ನಮ್ಮ ಸಂಘಗಳ ಲೆಕ್ಕ ನಡಾವಳಿ ಪುಸ್ತಕ, ನಗದು ಪುಸ್ತಕ, ಪಾಸ್‌ಬುಕ್ಕುಗಳಲ್ಲೇ ಇರುತ್ತಿತ್ತು. ಈಗ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆ ಎಷ್ಟೋ ಮನೆಗಳಲ್ಲಿ ಮಗನದೋ ಮಗಳದೋ ಲ್ಯಾಪ್‌ಟಾಪ್ ಇದೆ. ಉಳಿತಾಯ, ಸಾಲದ ಕಂತು ಎಲ್ಲವನ್ನೂ ಅದರಲ್ಲೇ ಬರೆದಿಡುವವರಿದ್ದಾರೆ. ಅದು ಆನ್ ಮಾಡಿ ಅನ್ನಕ್ಕಿಟ್ಟು ಬಂದರೂ ಇನ್ನೂ ತಿರುಗ್ತಾನೇ ಇದ್ದರೆ, ಮಧ್ಯದಲ್ಲೇ ನಿಂತುಹೋದರೆ, ವೈರಸ್ ಬಂದಿದೆ ಅಂತ ನಾವು ಹೆದರುತ್ತೇವೆ. ಯಾರೋ ಇನ್ನೊಂದು ಆ್ಯಂಟಿವೈರಸ್ ಹಾಕಿಸಿ ಅನ್ನುತ್ತಾರೆ. ಹಾಕಿಸಿದ ಮೇಲೆ ಇನ್ನೂ ನಿಧಾನ! ಇದಕ್ಕೆ ಕಾರಣ ಏನು?

ಆ್ಯಂಟಿವೈರಸ್ ಸುಮ್ಮನೆ ಒಂದು ಮೂಲೆಯಲ್ಲಿ ಕೂತಿರೋದಿಲ್ಲ. ನೀವು ಯಾವುದೇ ಫೈಲು ತೆರೆಯಲಿ, ಪೆನ್‌ಡ್ರೈವ್ ಹಾಕಲಿ, ಅದು ನಿಮಗಿಂತ ಮೊದಲು ಆ ಫೈಲನ್ನು ಹಿಡಿದು, ಓದಿ, ಸರಿ ಇದ್ದರೆ ಮಾತ್ರ ಬಿಡುತ್ತದೆ. ಎರಡು ಇದ್ದರೆ? ಸಂಘದ ಒಂದೇ ನಡಾವಳಿ ಪುಸ್ತಕವನ್ನು ಇಬ್ಬರು ಪ್ರತಿನಿಧಿಗಳು ಒಂದೇ ಹೊತ್ತಿಗೆ ಎಳೆದುಕೊಂಡು ಪರಿಶೀಲಿಸಿದ ಹಾಗೆ. ಮೊದಲನೆಯದು ಫೈಲು ಮುಟ್ಟಿತು ಅಂತ ಎರಡನೆಯದು ನೋಡುತ್ತದೆ, ಎರಡನೆಯದು ಮುಟ್ಟಿತು ಅಂತ ಮೊದಲನೆಯದು ಮತ್ತೆ ನೋಡುತ್ತದೆ. ಬರೆಯಬೇಕಾದ ನೀವು ಪೆನ್ನು ಹಿಡಿದು ಕಾಯುತ್ತಾ ಕೂರಬೇಕು. ಕೆಲವೊಮ್ಮೆ ನೀಲಿ ಪರದೆ ಬಂದು ಎಲ್ಲಾ ನಿಂತೇಹೋಗುತ್ತದೆ. ಸೇವ್ ಮಾಡದ ಲೆಕ್ಕ ಹೋಯಿತು ಅಂತಲೇ ಅರ್ಥ.

ಇನ್ನೊಂದು ತಮಾಷೆ ಇದೆ. ವೈರಸ್‌ಗಳನ್ನು ಗುರುತಿಸಲು ಪ್ರತಿ ಆ್ಯಂಟಿವೈರಸ್ ಅವುಗಳ ಗುರುತುಗಳ ಪಟ್ಟಿ ಇಟ್ಟುಕೊಂಡಿರುತ್ತದೆ, ಹಿಡಿದ ವೈರಸ್ಸನ್ನು ಒಂದು ಕಡೆ ಕೂಡಿಹಾಕಿರುತ್ತದೆ. ಪಕ್ಕದ ಆ್ಯಂಟಿವೈರಸ್ ಇದನ್ನು ಕಂಡು ಇವನೇ ಕಳ್ಳ ಅಂತ ಕೂಗುವುದೂ ಉಂಟು. ಪೊಲೀಸ್ ಠಾಣೆಯಲ್ಲಿ ಕಳ್ಳರ ಫೋಟೋ ನೋಡಿ ಪೊಲೀಸರನ್ನೇ ಹಿಡಿದ ಹಾಗೆ.

ನಾವು ಎರಡು ಹಾಕಿಸಿಲ್ಲವಲ್ಲ ಸಿಸ್ಟರ್ ಅಂತೀರಾ? ಹೊಸ ಲ್ಯಾಪ್‌ಟಾಪ್ ಜೊತೆಗೆ ಮ್ಯಾಕಫಿಯಂಥದ್ದು ಸ್ವಲ್ಪ ದಿನದ ಟ್ರಯಲ್ ಆಗಿ ಬಂದಿರಬಹುದು. ಅಂಗಡಿಯವರು ಕ್ವಿಕ್ ಹೀಲ್ ಹಾಕಿಕೊಟ್ಟಿರಬಹುದು. ಮಗ ಇಂಟರ್ನೆಟ್‌ನಿಂದ ಪುಕ್ಕಟೆ ಅವಾಸ್ಟ್ ಇಳಿಸಿಕೊಂಡಿರಬಹುದು. ಒಂದೊಂದೂ ಒಳ್ಳೆಯ ಉದ್ದೇಶದಿಂದಲೇ ಬಂದಿದ್ದು, ತೊಂದರೆ ಒಟ್ಟಿಗೆ ಇರುವುದರಲ್ಲಿ. ಇದಲ್ಲದೆ ವಿಂಡೋಸ್ 10 ಮತ್ತು 11ರಲ್ಲಿ ಡಿಫೆಂಡರ್ ಎಂಬ ಆ್ಯಂಟಿವೈರಸ್ ಮೊದಲೇ ಇರುತ್ತದೆ. ಅದಕ್ಕೆ ದುಡ್ಡಿಲ್ಲ. ಅದೊಂದು ಜಾಣ ಸೊಸೆ ಇದ್ದ ಹಾಗೆ, ಬೇರೆಯವರು ಬಂದರೆ ಸಾಮಾನ್ಯವಾಗಿ ತಾನೇ ಪಕ್ಕಕ್ಕೆ ಸರಿಯುತ್ತದೆ. ಹೊರಗಿಂದ ಬಂದ ಎರಡು ಆ್ಯಂಟಿವೈರಸ್‌ಗಳು ಮಾತ್ರ ಹಾಗೆ ಸರಿಯುವುದಿಲ್ಲ.

ನಿಮ್ಮ ಕಂಪ್ಯೂಟರಿನಲ್ಲಿ ಯಾವುದು ಕಾಯುತ್ತಿದೆ ಅಂತ ನೋಡುವುದು ಸುಲಭ. ಸ್ಟಾರ್ಟ್ ಒತ್ತಿ ವಿಂಡೋಸ್ ಸೆಕ್ಯುರಿಟಿ ಅಂತ ಹುಡುಕಿ ತೆರೆಯಿರಿ. ಕೆಳಗೆ ಸೆಟ್ಟಿಂಗ್ಸ್, ಅದರಲ್ಲಿ ಮ್ಯಾನೇಜ್ ಪ್ರೊವೈಡರ್ಸ್. ಅಲ್ಲಿ ಹೆಸರುಗಳ ಪಟ್ಟಿ ಬರುತ್ತದೆ. ಓದಲು ಕಷ್ಟ ಆದರೆ ಕಾಲೇಜಿಗೆ ಹೋಗುವ ಮಕ್ಕಳನ್ನು ಕೂರಿಸಿಕೊಳ್ಳಿ.

ಎರಡಿದ್ದರೆ ಒಂದನ್ನು ತೆಗೆಯಬೇಕು. ಯಾವುದನ್ನು? ದುಡ್ಡು ಕೊಟ್ಟು, ಅವಧಿ ಇನ್ನೂ ಉಳಿದಿರುವುದನ್ನು ಇಟ್ಟುಕೊಳ್ಳಿ. ಅವಧಿ ಮುಗಿದದ್ದು ಮನೆಯಲ್ಲಿ ಇರಲಿ ಅಂತ ಬಿಡಬೇಡಿ, ಅದು ಹೊಸ ವೈರಸ್‌ಗಳನ್ನು ಗುರುತಿಸದೆ ಜಾಗ ಮಾತ್ರ ಹಿಡಿದಿರುತ್ತದೆ. ದುಡ್ಡು ಕೊಟ್ಟದ್ದು ಯಾವುದೂ ಇಲ್ಲದಿದ್ದರೆ, ನನ್ನ ಅಭಿಪ್ರಾಯದಲ್ಲಿ ಮನೆಯ ಬಳಕೆಗೆ ಡಿಫೆಂಡರ್ ಸಾಕು. ಅದಕ್ಕಾಗಿ ಸಂಘದಿಂದ ಸಾಲ ಎತ್ತುವ ಅಗತ್ಯ ಇಲ್ಲ.

ತೆಗೆಯುವ ಮುಂಚೆ ಲೆಕ್ಕದ ಫೈಲುಗಳನ್ನು ಒಂದು ಪೆನ್‌ಡ್ರೈವಿಗೆ ಕಾಪಿ ಮಾಡಿ ತೆಗೆದಿಡಿ. ಇದನ್ನು ಯಾರೂ ಬಿಡಬಾರದು. ಪೆಟ್ಟಿಗೆಯ ಮೇಲಿನ ಕೀ ನಂಬರನ್ನೂ ಬರೆದಿಟ್ಟುಕೊಳ್ಳಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್ ತೆರೆದು, ಬೇಡವಾದ ಆ್ಯಂಟಿವೈರಸ್ ಹೆಸರಿನ ಮುಂದೆ ಅನ್‌ಇನ್‌ಸ್ಟಾಲ್ ಒತ್ತಿ. ಫೋಲ್ಡರ್ ಹುಡುಕಿ ಡಿಲೀಟ್ ಮಾಡಿದರೆ ಆಗಲ್ಲ. ಅಡಿಕೆ ಗಿಡ ಮೇಲೆ ಕಡಿದು ಬೇರು ಬಿಟ್ಟಂತೆ, ಒಳಗಿನ ಭಾಗ ಹಾಗೇ ಉಳಿದು ಜಗಳ ಮುಂದುವರಿಯುತ್ತದೆ. ಅನ್‌ಇನ್‌ಸ್ಟಾಲ್ ಮಾಡಿದ ಮೇಲೂ ಚೂರುಪಾರು ಉಳಿಯುವುದುಂಟು. ಅದಕ್ಕಾಗಿ ಮ್ಯಾಕಫಿ, ಅವಾಸ್ಟ್ ಮೊದಲಾದ ಕಂಪನಿಗಳೇ ಪುಕ್ಕಟೆಯಾಗಿ ಒಂದು ತೆಗೆಯುವ ಸಾಧನ ಕೊಡುತ್ತವೆ. ಆ ಕಂಪನಿಯ ಸ್ವಂತ ವೆಬ್‌ಸೈಟಿನಿಂದ ಮಾತ್ರ ಇಳಿಸಿಕೊಳ್ಳಿ. ಮುಗಿದ ಮೇಲೆ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಮತ್ತೆ ವಿಂಡೋಸ್ ಸೆಕ್ಯುರಿಟಿ ತೆರೆದು ಉಳಿದದ್ದು ಆನ್ ಇದೆಯಾ ನೋಡಿ. ಒಂದೂ ಇಲ್ಲದಂತೆ ಇಂಟರ್ನೆಟ್‌ಗೆ ಹೋಗಬೇಡಿ.

ಮಾಲ್‌ವೇರ್‌ಬೈಟ್ಸ್‌ನ ಪುಕ್ಕಟೆ ಆವೃತ್ತಿಯಂತೆ ಕರೆದಾಗ ಮಾತ್ರ ಬಂದು ನೋಡಿ ಹೋಗುವಂಥವು ಇದ್ದರೆ ಪರವಾಗಿಲ್ಲ, ಅವು ಸದಾ ಬಾಗಿಲಲ್ಲಿ ನಿಲ್ಲುವುದಿಲ್ಲ. ಫೈರ್‌ವಾಲ್ ಮಾತ್ರ ಒಂದೇ ಇರಲಿ. ಎರಡಾದರೆ ನೆಟ್ ಬರಲ್ಲ, ಪ್ರಿಂಟರ್ ಕೆಲಸ ಮಾಡಲ್ಲ ಎಂಬ ತೊಂದರೆ ಶುರುವಾಗುತ್ತದೆ.

ಇಷ್ಟಾದರೂ ನಿಧಾನವೇ ಇದ್ದರೆ ಕಂಪ್ಯೂಟರ್ ಹಳೆಯದಾಗಿರಬಹುದು. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿ 14ಕ್ಕೆ, ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆ ಕೊರತೆಯನ್ನು ಎಷ್ಟು ಆ್ಯಂಟಿವೈರಸ್ ಹಾಕಿದರೂ ತುಂಬಲು ಆಗದು.

ಕಂಪ್ಯೂಟರ್ ನಿಧಾನವಾಗಿ ನಾವು ಗಾಬರಿಯಲ್ಲಿರುವ ಹೊತ್ತಿಗೇ ಮೋಸಗಾರರು ಕಾಯುತ್ತಿರುತ್ತಾರೆ. ಪರದೆ ತುಂಬಾ ಕೆಂಪು ಅಕ್ಷರದಲ್ಲಿ ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ ಅಂತ ಬಂದರೆ ಅದು ಸುಳ್ಳು. ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಯಲ್ಲಿ ಫೋನ್ ನಂಬರ್ ಹಾಕುವುದಿಲ್ಲ. ಫೋನ್ ಮಾಡಿದರೆ ಆ ಕಡೆಯವರು ಎನಿಡೆಸ್ಕ್ ಇಳಿಸಿಕೊಳ್ಳಿ ಅಂತಾರೆ, ಅಲ್ಲಿಂದ ನಿಮ್ಮ ಕಂಪ್ಯೂಟರ್ ಅವರ ಕೈಗೆ. ಓಟಿಪಿ ಕೊಟ್ಟು ಹಣ ಹೋಗಿದ್ದರೆ ನಾಚಿಕೆ ಪಟ್ಟು ಸುಮ್ಮನೆ ಕೂರಬೇಡಿ. ತಕ್ಷಣ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.